ನಂದಿ ತಪ್ಪಲಿನ ಗುಳ್ಳೆ ವೈನ್: ಸಣ್ಣ ತಯಾರಕರನ್ನು ಹುಡುಕುವುದು ಹೇಗೆ?

ಬೆಂಗಳೂರಿನ ದೊಡ್ಡ ಮದ್ಯದಂಗಡಿಗಳಲ್ಲಿ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆ ವೈನ್ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಮಹಾರಾಷ್ಟ್ರದ ನಾಲ್ಕೈದು ಪರಿಚಿತ ಹೆಸರುಗಳು. ನಗರದಿಂದ ನಲವತ್ತು ಕಿಲೋಮೀಟರ್ ಆಚೆ, ದೊಡ್ಡಬಳ್ಳಾಪುರ–ಚಿಕ್ಕಬಳ್ಳಾಪುರದ ಕಡೆ ವೈನ್ ದ್ರಾಕ್ಷಿ ಬೆಳೆಯುತ್ತಿದ್ದರೂ ಅಲ್ಲಿನ ಗುಳ್ಳೆ ವೈನ್ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ವೈನರಿಗೆ ಜಾಹೀರಾತಿನ ಹಣವಿಲ್ಲ, ಸರಕೂ ಕಡಿಮೆ. ಹಾಗಾಗಿ ಹುಡುಕುವ ಕೆಲಸ ಕೊಳ್ಳುವವರದೇ.

ಮೊದಲು ವಿಧಾನ ಗೊತ್ತಿರಲಿ

ಗುಳ್ಳೆ ಬರುವ ದಾರಿ ಮುಖ್ಯವಾಗಿ ಮೂರು. ಸಾಂಪ್ರದಾಯಿಕ ವಿಧಾನದಲ್ಲಿ ಸಿದ್ಧವಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ, ಸೋಡಾ ಬಾಟಲಿಯಂಥ ಲೋಹದ ಮುಚ್ಚಳ ಹಾಕುತ್ತಾರೆ. ಬಾಟಲಿಯೊಳಗೇ ಎರಡನೇ ಸಲ ಹುದುಗಿ ಸುಮಾರು 6 ಬಾರ್ ಒತ್ತಡ ಹುಟ್ಟುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಎರಡೂವರೆ ಪಟ್ಟಿಗಿಂತ ಹೆಚ್ಚು! ಆಮೇಲೆ ಸತ್ತ ಯೀಸ್ಟಿನ ಗಸಿಯ ಮೇಲೆ ತಿಂಗಳುಗಟ್ಟಲೆ ಮಲಗಿಸಿ, ದಿನದಿನವೂ ತಿರುಗಿಸುತ್ತ ಗಸಿಯನ್ನು ಬಾಟಲಿಯ ಕತ್ತಿಗೆ ಇಳಿಸಿ, ಕತ್ತನ್ನು ಹೆಪ್ಪುಗಟ್ಟಿಸಿ ಗಸಿ ಹೊರಹಾಕಿ, ಕೊನೆಗೆ ಕಾರ್ಕ್ ಹಾಕುತ್ತಾರೆ. ಎರಡನೆಯದು ಟ್ಯಾಂಕ್ ವಿಧಾನ: ಎರಡನೇ ಹುದುಗು ಒತ್ತಡ ತಡೆಯುವ ಸ್ಟೀಲ್ ಟ್ಯಾಂಕಿನಲ್ಲಿ. ಮೂರನೆಯದು ಸೋಡಾದಂತೆ ನೇರವಾಗಿ ಗ್ಯಾಸ್ ತುಂಬುವುದು.

ಸಣ್ಣವರು ಈ ಕೆಲಸಕ್ಕೆ ಯಾಕೆ ಕೈಹಾಕುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಸಾಂಪ್ರದಾಯಿಕ ವಿಧಾನಕ್ಕೆ ದಪ್ಪ ಗಾಜಿನ ಬಾಟಲಿ, ವರ್ಷವಿಡೀ 12–15 ಡಿಗ್ರಿಯ ತಂಪು ಕೋಣೆ, ಅದರ ಕರೆಂಟ್ ಬಿಲ್ಲು, ಒಂದು ವರ್ಷಕ್ಕೂ ಮೇಲೆ ಮಾರದೆ ಕೂತಿರುವ ಸರಕು ಎಲ್ಲವೂ ಬೇಕು. ಟ್ಯಾಂಕಿಗೆ ಬಂಡವಾಳ ಬೇಕು. ಗ್ಯಾಸಿಗೆ ಹೆಚ್ಚೇನೂ ಬೇಡ. ಗ್ಯಾಸ್ ತುಂಬಿದ್ದನ್ನು ಗ್ಯಾಸ್ ತುಂಬಿದ್ದೆಂದೇ ಹೇಳಿ ಅಗ್ಗಕ್ಕೆ ಮಾರಿದರೆ ತಕರಾರಿಲ್ಲ. ಅದಕ್ಕೆ ಸಾಂಪ್ರದಾಯಿಕ ವಿಧಾನದ ಬೆಲೆ ಕೇಳಿದಾಗ ಮಾತ್ರ ಹಿಂದೆ ಸರಿಯಿರಿ.

ಲೇಬಲ್ಲಿನ ಹಿಂಬದಿ ಓದಿ

ಮುಂಬದಿಯ ಬೆಟ್ಟದ ಚಿತ್ರಕ್ಕೆ ಮರುಳಾಗಬೇಡಿ. ತಯಾರಿಸಿದವರು ಯಾರು, ಬಾಟಲಿಗೆ ತುಂಬಿದವರು ಯಾರು, ಮಾರುವವರು ಯಾರು ಎಂಬ ಮೂರು ವಿಳಾಸ ಹೊಂದಿಸಿ ನೋಡಿ. ‘ಮಾರುವವರು’ ಇಂದಿರಾನಗರದಲ್ಲಿ, ‘ತಯಾರಿಸಿದವರು’ ಬೇರೆ ರಾಜ್ಯದಲ್ಲಿ ಇದ್ದರೆ ಅದು ಬೇರೆಯವರ ಕೈಲಿ ಮಾಡಿಸಿದ ವೈನ್. ರುಚಿ ಚೆನ್ನಾಗಿರಬಹುದು, ಆದರೆ ನೀವು ಹುಡುಕುತ್ತಿರುವ ಸಣ್ಣ ತಯಾರಕ ಅದಲ್ಲ. ಒಂದೇ ಕಂಪನಿಗೆ ಎರಡು ಕಡೆ ವೈನರಿ ಇರುವುದೂ ಉಂಟು. ದೊಡ್ಡಬಳ್ಳಾಪುರದ ಗ್ರೋವರ್ ಝಂಪಾಗೆ ನಾಸಿಕದ ಕಡೆಯೂ ವೈನರಿ ಇದೆ, ನಾಸಿಕದ ಸುಲಾಗೆ ಚನ್ನಪಟ್ಟಣದಲ್ಲೂ ಇದೆ. ಬಾಟಲಿ ಎಲ್ಲಿಂದ ಬಂತೆಂದು ಹೇಳುವುದು ಬ್ರ್ಯಾಂಡ್ ಹೆಸರಲ್ಲ, ವಿಳಾಸ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯ 14 ಅಂಕಿಗಳೂ ನೆರವಿಗೆ ಬರುತ್ತವೆ. 112ರಿಂದ ಶುರುವಾದರೆ ಕರ್ನಾಟಕದಲ್ಲಿ ಕೊಟ್ಟ ಪರವಾನಗಿ, 115 ಆದರೆ ಮಹಾರಾಷ್ಟ್ರದ್ದು, 100 ಆದರೆ ಕೇಂದ್ರದ ಪರವಾನಗಿ. ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಅಂಕಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ.

ಇನ್ನು ಆಲ್ಕೊಹಾಲ್ ಪ್ರಮಾಣ. ಗುಳ್ಳೆ ವೈನಿನ ದ್ರಾಕ್ಷಿಯನ್ನು ಸಕ್ಕರೆ 18–19 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಇರುವಾಗಲೇ, ಹುಳಿ ಉಳಿದಿರುವಾಗಲೇ ಕೊಯ್ಯಬೇಕು. ಅದರಿಂದ ಶೇ 10–10.5ರಷ್ಟು ಆಲ್ಕೊಹಾಲ್ ಬರುತ್ತದೆ. ಎರಡನೇ ಹುದುಗು ಒಂದು, ಒಂದೂಕಾಲು ಸೇರಿಸುತ್ತದೆ. ಹಾಗಾಗಿ 11–12.5 ಸಹಜ. 13.5 ಎಂದಿದ್ದರೆ ಹಣ್ಣು ತಡವಾಗಿ ಕೊಯ್ದದ್ದು. ನಮ್ಮ ಬಿಸಿಲಿನಲ್ಲಿ ಹುಳಿ ಬೇಗ ಇಳಿಯುವುದರಿಂದ ಅಂಥ ವೈನ್ ನಾಲಿಗೆಗೆ ಸಪ್ಪೆ, ಭಾರ.

ಸಿಹಿಯ ಅಳತೆ: ಲೀಟರಿಗೆ 12 ಗ್ರಾಂವರೆಗೆ ಸಕ್ಕರೆ ಇದ್ದರೆ ಬ್ರೂಟ್, 32–50 ಗ್ರಾಂ ಇದ್ದರೆ ಡೆಮಿ ಸೆಕ್. ‘ಎಕ್ಸ್‌ಟ್ರಾ ಡ್ರೈ’ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅದರಲ್ಲಿ 12–17 ಗ್ರಾಂ, ಅಂದರೆ ಬ್ರೂಟಿಗಿಂತ ಸಿಹಿ.

ಪಟ್ಟಿ ಎಲ್ಲಿ ಸಿಗುತ್ತದೆ?

ರಾಜ್ಯ ಸರ್ಕಾರದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ. ಅದರ ಬೆನ್ನಿಗೇ ಬಂದ ಕರ್ನಾಟಕ ದ್ರಾಕ್ಷಾರಸ ಮಂಡಳಿ ರಾಜ್ಯದ ವೈನರಿಗಳ ಜತೆ ನೇರ ಸಂಪರ್ಕದಲ್ಲಿದೆ. ಅಲ್ಲಿಂದಲೇ ಶುರುಮಾಡಿ. ಮಂಡಳಿಯ ದ್ರಾಕ್ಷಾರಸ ಉತ್ಸವಗಳಲ್ಲಿ ಅಂಗಡಿಗೆ ಬಾರದ ಹೆಸರುಗಳೂ ಮಳಿಗೆ ಹಾಕುತ್ತವೆ. ಸಂಜೆಯ ನೂಕುನುಗ್ಗಲಿಗಿಂತ ಬಾಗಿಲು ತೆರೆದ ಮೊದಲ ಗಂಟೆಯೇ ಮೇಲು. ಮಳಿಗೆಯವರಿಗೂ ಮಾತಾಡಲು ಪುರಸೊತ್ತು ಇರುತ್ತದೆ.

ಒಂದು ಮಾತು ನೆನಪಿರಲಿ. ಪ್ರತಿ ರಾಜ್ಯದಲ್ಲೂ ಲೇಬಲ್ ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟಬೇಕು. ಸಾವಿರ ಬಾಟಲಿ ಮಾಡುವವರಿಗೆ ಆ ಖರ್ಚು ಗಿಟ್ಟುವುದಿಲ್ಲ. ನಾಸಿಕದಲ್ಲಿ ಹೆಸರು ಮಾಡಿದ ಸಣ್ಣ ವೈನರಿ ಬೆಂಗಳೂರಿನಲ್ಲಿ ಕಾಣದಿರುವುದಕ್ಕೆ ಗುಣಮಟ್ಟ ಕಾರಣವಲ್ಲ. ಅಲ್ಲಿಂದ ಬಾಟಲಿ ತರುವ ಯೋಚನೆ ಇದ್ದರೆ ಅಬಕಾರಿ ಇಲಾಖೆಯ ಮಿತಿಯನ್ನು ಮೊದಲೇ ಕೇಳಿಕೊಳ್ಳಿ.

ಫೋನ್ ಮಾಡಿ, ಆಮೇಲೆ ಹೊರಡಿ

ಹೇಳದೆ ಹೋದರೆ ಸಣ್ಣ ವೈನರಿಯ ಗೇಟು ತೆರೆಯದೇ ಇರಬಹುದು. ಅಲ್ಲಿ ವೈನ್ ಮಾಡುವವರೇ ಲೆಕ್ಕವನ್ನೂ ನೋಡುತ್ತಿರುತ್ತಾರೆ. ಎಲ್ಲ ಕಡೆ ಗುಳ್ಳೆ ವೈನ್ ಇರುವುದೂ ಇಲ್ಲ. ಹೊರಡುವ ಮುನ್ನ ಕೇಳಿ: ಯಾವ ತಳಿ? ದ್ರಾಕ್ಷಿ ಸ್ವಂತ ತೋಟದ್ದೋ, ರೈತರಿಂದ ಕೊಂಡದ್ದೋ? ಎಷ್ಟು ಬ್ರಿಕ್ಸಿಗೆ ಕೊಯ್ದಿರಿ? ಎರಡನೇ ಹುದುಗು ಎಲ್ಲಿ ನಡೆಯಿತು? ಗಸಿಯ ಮೇಲೆ ಎಷ್ಟು ತಿಂಗಳು? ಗಸಿ ತೆಗೆದದ್ದು ಯಾವಾಗ?

ನಿಜವಾಗಿ ಮಾಡುವವರು ಈ ಪ್ರಶ್ನೆಗಳಿಗೆ ಖುಷಿಯಿಂದ, ಅಂಕಿಗಳಲ್ಲಿ ಉತ್ತರಿಸುತ್ತಾರೆ. ‘ಅದು ನಮ್ಮ ಗುಟ್ಟು’ ಎಂಬ ಉತ್ತರ ಬಂದರೆ ಗುಟ್ಟು ಬಹುತೇಕ ಗ್ಯಾಸ್ ಸಿಲಿಂಡರೇ. ಹೋಲಿಕೆಗೆ: ಸ್ಪೇನಿನ ಕಾವಾ ಎಂಬ ಗುಳ್ಳೆ ವೈನಿಗೆ ಗಸಿಯ ಮೇಲೆ ಕನಿಷ್ಠ 9 ತಿಂಗಳು ಕಡ್ಡಾಯ, ಫ್ರಾನ್ಸಿನ ಶಾಂಪೇನ್ ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ಕಾಯಬೇಕು. ತಳಿಯಲ್ಲಿ ಶೆನಿನ್ ಬ್ಲಾಂಕ್ ಎಂದರೆ ಭರವಸೆ ಇಡಬಹುದು, ಬಿಸಿಲಿಗೂ ಅದರ ಹುಳಿ ಸುಲಭಕ್ಕೆ ಸೋಲುವುದಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಜ್ಯೂಸಿಗೆ, ಸಿಹಿ ವೈನಿಗೆ ಅದು ಸೊಗಸು. ಬ್ರೂಟಿನಲ್ಲಿ ಮಾತ್ರ ಅದರ ಘಾಟು ಪರಿಮಳ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ.

ಹೋಗುವ ಕಾಲ ಫೆಬ್ರವರಿ. ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟನಿ (ಬಳ್ಳಿ ಸವರುವುದು): ಏಪ್ರಿಲ್ ಸುಮಾರಿಗೆ ಒಂದು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಂದು. ಕೊಯ್ಲು ಜನವರಿಯಿಂದ ಮಾರ್ಚ್. ಗುಳ್ಳೆ ವೈನಿನ ದ್ರಾಕ್ಷಿಯದೇ ಮೊದಲ ಸರದಿ, ಅದೂ ಬಿಸಿಲೇರುವ ಮುನ್ನ. ಮಳೆಗಾಲದಲ್ಲಿ ಹೋದರೆ ಬರೀ ಎಲೆ ನೋಡಿಕೊಂಡು ಬರಬೇಕು.

ಹೆಬ್ಬಾಳ, ಯಲಹಂಕ, ರಾಜಾನುಕುಂಟೆ ಮೇಲೆ ದೊಡ್ಡಬಳ್ಳಾಪುರ ದಾರಿ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ವಾಹನಗಳ ಸಾಲು ಕಾಡುತ್ತದೆ, ವಾರದ ದಿನವೇ ವಾಸಿ. ಹೋಗಿಬರುವುದಕ್ಕೆ ಒಂದೇ ಕ್ಯಾಬ್ ಮಾತಾಡಿ. ಕುಡಿದವರು ಸ್ಟೀರಿಂಗ್ ಮುಟ್ಟಬಾರದು. ಗುಂಪಿನಲ್ಲಿ 21 ತುಂಬದವರಿದ್ದರೆ ಅವರಿಗೆ ತೋಟ ಮಾತ್ರ, ಗ್ಲಾಸ್ ಇಲ್ಲ.

ರುಚಿ ನೋಡುವಾಗ

ಸಿಹಿ ಕಡಿಮೆ ಇರುವುದರಿಂದ ಶುರುಮಾಡಿ. ಗುಳ್ಳೆಯ ಗಾತ್ರ ನೋಡಿಯೇ ತೀರ್ಮಾನಿಸುವವರಿದ್ದಾರೆ. ಅದು ಪೂರ್ತಿ ನಂಬುವಂಥದ್ದಲ್ಲ, ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿದ್ದರೂ ಗುಳ್ಳೆ ಸಾಯುತ್ತದೆ. ಮೂಗನ್ನು ನಂಬಿ. ಬ್ರೆಡ್ಡು, ಹುರಿದ ಬಾದಾಮಿಯ ವಾಸನೆ ಬಂದರೆ ಗಸಿಯ ಮೇಲೆ ಕಾಲ ಕಳೆದಿದೆ. ಬರೀ ಹಣ್ಣು, ಹೂವಿನ ವಾಸನೆಯಾದರೆ ಟ್ಯಾಂಕ್ ಇರಬಹುದು. ಕೊಳೆತ ಮೊಟ್ಟೆಯ ವಾಸನೆ ಎಂದರೆ ಹುದುಗುವಾಗ ಯೀಸ್ಟಿಗೆ ಪೋಷಕಾಂಶ ಸಾಲದೆ ಗಂಧಕದ ಅನಿಲ ಹುಟ್ಟಿರಬಹುದು. ಬೆಂದ ಎಲೆಕೋಸಿನ ವಾಸನೆ ಬಂದರೆ ಬಿಳಿ ಗಾಜಿನ ಬಾಟಲಿ ಬೆಳಕಿನಲ್ಲಿ ಇದ್ದದ್ದು ಕಾರಣವಾಗಿರಬಹುದು. ಟ್ಯೂಬ್‌ಲೈಟ್ ಕೂಡ ಈ ಹಾನಿ ಮಾಡುತ್ತದೆ. ಅಂಗಡಿಯಲ್ಲಿ ಶೋಕೇಸಿನದ್ದು ಬಿಟ್ಟು ಪೆಟ್ಟಿಗೆಯೊಳಗಿನದನ್ನು ಕೇಳಿ. ಟ್ಯಾಂಕ್ ವಿಧಾನದ್ದಾದರೆ ತಯಾರಿಕೆಯ ತಿಂಗಳು ನೋಡಿ. ಎರಡು ವರ್ಷ ದಾಟಿದ್ದು ಬೇಡ.

ಮನೆಗೆ ತಂದ ಮೇಲೆ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಾಟಲಿ ಬಿಡಬೇಡಿ. ಕಾವಿಗೆ ಒಳಗಿನ ಒತ್ತಡ ಏರಿ ಕಾರ್ಕ್ ಹಾರಬಹುದು. ಹಾರದಿದ್ದರೂ ರುಚಿ ಕೆಡುತ್ತದೆ. ಐಸ್‌ಬಾಕ್ಸ್ ಒಯ್ಯಿರಿ. ಕುಡಿಯುವ ಹದ 6–8 ಡಿಗ್ರಿ: ಫ್ರಿಜ್ಜಿನಲ್ಲಿ ಮೂರ್ನಾಲ್ಕು ಗಂಟೆ, ಇಲ್ಲವೇ ಅರ್ಧ ಐಸ್ ಅರ್ಧ ನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ. ಬರೀ ಐಸಿಗಿಂತ ನೀರು ಸೇರಿದರೆ ಬೇಗ ತಣಿಯುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ.

ತೆರೆಯುವಾಗ ಹೆಬ್ಬೆರಳನ್ನು ಕಾರ್ಕಿನ ಮೇಲಿಂದ ತೆಗೆಯದೆ ತಂತಿಯನ್ನು ಆರು ಅರೆಸುತ್ತು ಬಿಚ್ಚಿ. ಬಾಟಲಿಯನ್ನು 45 ಡಿಗ್ರಿ ಓರೆ ಹಿಡಿದು, ಯಾರ ಮುಖದ ಕಡೆಗೂ ತಿರುಗಿಸದೆ, ಕಾರ್ಕನ್ನು ಬಿಗಿಹಿಡಿದು ಬಾಟಲಿಯನ್ನೇ ತಿರುಗಿಸಿ. ‘ಉಸ್’ ಎಂದರೆ ಸಾಕು. ಢಂ ಎಂದು ಹಾರಿಸಿದರೆ ಕೊಟ್ಟ ದುಡ್ಡಿನ ಗುಳ್ಳೆ ನೆಲದ ಪಾಲು. ಉಳಿದದ್ದಕ್ಕೆ ಗುಳ್ಳೆ ವೈನಿಗೆಂದೇ ಬರುವ ಬಿಗಿ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಬರುತ್ತದೆ. ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಇಳಿಬಿಟ್ಟರೆ ಗುಳ್ಳೆ ಉಳಿಯುತ್ತದೆ ಎಂಬುದು ಬರೀ ಸುಳ್ಳು.