ಮರುಭೂಮಿಯ ಮನೆಗೆ ಸ್ಪ್ರೇ ಫೋಮ್: ಅಟ್ಟದ ಕಾವು ಇಳಿಸುವುದು ಹೇಗೆ?

ದಸರಾ ಮುಗಿದ ಮೇಲೆ ಬೊಂಬೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆವು. ಮರುವರ್ಷ ಡಬ್ಬ ತೆಗೆದರೆ ಚನ್ನಪಟ್ಟಣದ ಬೊಂಬೆಗಳ ಅರಗು ಮೆತ್ತಗಾಗಿ ಪೇಪರೆಲ್ಲ ಮೈಗೆ ಅಂಟಿಕೊಂಡಿತ್ತು. ಒಂದು ಬೊಂಬೆಯ ಕೆನ್ನೆ ಮೇಲೆ ಅಕ್ಷರಗಳೇ ಅಚ್ಚಾಗಿದ್ದವು.

ನಾವಿರುವುದು ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಸುತ್ತ ಸೊನೋರನ್ ಮರುಭೂಮಿ. ಇಲ್ಲಿ ಚಿಪ್ ಕಾರ್ಖಾನೆ, ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಮನೆ ಮಾಡಿಕೊಂಡ ಕನ್ನಡದವರು ಸಾಕಷ್ಟಿದ್ದಾರೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. 1990ರ ಜೂನ್ 26ರಂದು ಇಲ್ಲಿ 50 ಡಿಗ್ರಿಯನ್ನೇ ಮುಟ್ಟಿತ್ತು.

ಬೊಂಬೆ ಹಾಳಾದ ಮೇಲೆ ಒಂದು ಜುಲೈ ಮಧ್ಯಾಹ್ನ ಥರ್ಮಾಮೀಟರ್ ಹಿಡಿದು ಅಟ್ಟ ಹತ್ತಿದೆ. ಹೊರಗೆ 45 ಡಿಗ್ರಿ, ಅಟ್ಟದಲ್ಲಿ 66. ಆ ಕಾವಿನ ನಡುವೆ, ಕೋಣೆಗಳಿಗೆ ತಣ್ಣನೆ ಗಾಳಿ ಒಯ್ಯುವ ಎಸಿ ಡಕ್ಟ್‌ಗಳು ಬೆಳ್ಳಿ ಬಣ್ಣದ ಹೆಬ್ಬಾವಿನ ಹಾಗೆ ಮಲಗಿದ್ದವು. ಒಂದು ಜೋಡಣೆಯ ಹತ್ತಿರ ಕೈ ಹಿಡಿದೆ. ತಣ್ಣನೆ ಗಾಳಿ ಅಂಗೈಗೆ ಬಡಿಯಿತು. ದುಡ್ಡು ಕೊಟ್ಟು ತಂಪು ಮಾಡಿದ ಗಾಳಿ ಸುಮ್ನೆ ಅಟ್ಟಕ್ಕೆ ಹೋಗುತ್ತಿತ್ತು. ನಮ್ಮದೊಂದೇ ಕಥೆಯಲ್ಲ. ಅಮೆರಿಕದ ಸಾಮಾನ್ಯ ಮನೆಗಳಲ್ಲಿ ಡಕ್ಟ್ ಒಳಗಿನ ಗಾಳಿಯ ಶೇಕಡ 20ರಿಂದ 30ರಷ್ಟು ಹೀಗೇ ಸೋರಿಹೋಗುತ್ತದೆ ಎಂದು ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯೇ ಹೇಳುತ್ತದೆ.

ಇದಕ್ಕೆ ಪರಿಹಾರವಾಗಿ ನಾವು ಸ್ಪ್ರೇ ಫೋಮ್, ಅಂದರೆ ದ್ರವವಾಗಿ ಸಿಂಪಡಿಸಿದರೆ ನೊರೆಯ ಹಾಗೆ ಉಬ್ಬಿ ಗಟ್ಟಿಯಾಗಿ ಕಾವು ತಡೆಯುವ ಹೊದಿಕೆ, ಮಾಡಿಸಿದೆವು. ಸಾಮಾನ್ಯವಾಗಿ ಅಟ್ಟದ ನೆಲದ ಮೇಲೆ, ಅಂದರೆ ಕೋಣೆಗಳ ಸೀಲಿಂಗ್ ಮೇಲೆ, ಹತ್ತಿಯಂಥ ಹೊದಿಕೆ ಹಾಸಿರುತ್ತಾರೆ. ಫೋಮ್ ಮಾಡಿಸುವಾಗ ಹೊದಿಕೆಯ ಜಾಗವೇ ಬದಲಾಗುತ್ತದೆ. ಛಾವಣಿ ಹಲಗೆಯ ಒಳಮೈಗೆ ಫೋಮ್ ಹೊಡೆಸಿ, ಗಾಳಿಗಂಡಿಗಳನ್ನೆಲ್ಲ ಮುಚ್ಚಿಸಬೇಕು. ಆಗ ಅಟ್ಟವೂ ಮನೆಯ ಒಳಗೇ ಸೇರಿಕೊಳ್ಳುತ್ತದೆ, ಡಕ್ಟ್ ಕೂಡ ಒಳಗೇ ಬಂದಂತಾಗುತ್ತದೆ. ಲಾಸ್ ವೇಗಸ್‌ನಲ್ಲಿ 1990ರ ದಶಕದಲ್ಲೇ ಇಂಥ ಮುಚ್ಚಿದ ಅಟ್ಟಗಳನ್ನು ಕಟ್ಟಿ ಪರೀಕ್ಷೆ ಮಾಡಿದ್ದರು.

ಮೊದಲು: ನಿಮಗೆ ಇದು ಬೇಕೇ?

ಡಕ್ಟ್ ಎಲ್ಲಿದೆ ನೋಡಿ. ಬೆಳಗಿನ ಜಾವ ಹತ್ತಿ ನೋಡಿ, ಮಧ್ಯಾಹ್ನ ಬೇಡ. ನಾನು ಮಾಡಿದ್ದು ತಪ್ಪು. ಆ ಕಾವಿನಲ್ಲಿ ಹತ್ತೇ ನಿಮಿಷಕ್ಕೆ ತಲೆ ಸುತ್ತಿ ಬೀಳಬಹುದು. ಡಕ್ಟ್ ಅಟ್ಟದಲ್ಲಿ ಇಲ್ಲದಿದ್ದರೆ ಫೋಮಿಗೆ ಅಷ್ಟು ಖರ್ಚು ಮಾಡುವ ಅಗತ್ಯವಿಲ್ಲ. ಸೀಲಿಂಗ್‌ನ ಸಂದುಗಳನ್ನು ಮುಚ್ಚಿಸಿ, ಮೇಲೆ ಸೆಲ್ಯುಲೋಸ್, ಅಂದರೆ ಕಾಗದದ ಚೂರಿನ ಹೊದಿಕೆ, ದಪ್ಪಗೆ ಹಾಕಿಸಿದರೆ ಸಾಕು. ಅಟ್ಟದಲ್ಲೇ ಇದ್ದರೆ ಫೋಮ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಫೋಮಿಗಿಂತ ಮುಂಚೆ ಛಾವಣಿಯನ್ನೂ ನೋಡಿಸಿ. ಇಲ್ಲಿನ ಮನೆಗಳಿಗೆ ಕಾಂಕ್ರೀಟ್ ಹೆಂಚು ಜಾಸ್ತಿ. ಹೆಂಚು ಐವತ್ತು ವರ್ಷ ಬಾಳಬಹುದು, ಆದರೆ ನಿಜವಾಗಿ ನೀರು ತಡೆಯುವುದು ಅದರ ಕೆಳಗಿನ ಹಾಳೆ. ಅದು ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಒಣಗಿ ಹರಿಯುತ್ತದೆ. ಫೋಮ್ ಹೊಡೆಸಿದ ಮೇಲೆ ಸೋರಿದರೆ ಹಲಗೆ ಒಳಗೊಳಗೇ ಕೊಳೆಯಬಹುದು. ಹಾಳೆ ಹಳೆಯದಾಗಿದ್ದರೆ ಅದನ್ನು ಬದಲಿಸಿದ ಮೇಲಷ್ಟೇ ಫೋಮ್ ಮಾತು.

ಅಟ್ಟದಲ್ಲಿ ಗ್ಯಾಸ್ ಹೀಟರ್ ಏನಾದರೂ ಇದೆಯಾ? ಅದು ಉರಿಯಲು ಅಟ್ಟದ ಗಾಳಿಯನ್ನೇ ಎಳೆಯುವಂಥದ್ದಾಗಿದ್ದರೆ, ಗಂಡಿ ಮುಚ್ಚಿದ ಮೇಲೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಬಹುದು. ಪ್ರಾಣಕ್ಕೇ ಅಪಾಯ. ಹೊರಗಿಂದ ಪೈಪಿನಲ್ಲಿ ಗಾಳಿ ತೆಗೆದುಕೊಳ್ಳುವ ಮಾದರಿಗೆ ಬದಲಿಸದೆ ಮುಂದುವರಿಯಬೇಡಿ.

ಯಾವ ಫೋಮ್?

ಎರಡು ಬಗೆ ಇವೆ. ಓಪನ್ ಸೆಲ್ ಮೆತ್ತಗೆ, ಸ್ಪಂಜಿನ ಹಾಗೆ. ಇಂಚಿಗೆ ಆರ್-ವ್ಯಾಲ್ಯೂ, ಅಂದರೆ ಕಾವು ತಡೆಯುವ ಶಕ್ತಿ, ಸುಮಾರು 3.7. ಕ್ಲೋಸ್ಡ್ ಸೆಲ್ ಗಟ್ಟಿ, ಇಂಚಿಗೆ ಆರರಿಂದ ಏಳು. ಅದಕ್ಕೆ ದುಡ್ಡೂ ಜಾಸ್ತಿ.

ಸಂಖ್ಯೆ ನೋಡಿ ಕ್ಲೋಸ್ಡ್ ಸೆಲ್ಲೇ ಮೇಲು ಅನ್ನಿಸುತ್ತದೆ, ಅಲ್ವಾ? ಒಣ ಮರುಭೂಮಿಯ ಅಟ್ಟಕ್ಕೆ ನಾನು ಓಪನ್ ಸೆಲ್ ಕಡೆಗೇ. ಚಳಿ ದೇಶದಲ್ಲಿ ಮನೆಯೊಳಗಿನ ತೇವ ಫೋಮ್ ದಾಟಿ ತಣ್ಣನೆಯ ಹಲಗೆಗೆ ಬಡಿದು ನೀರಾಗುವ ಭಯ ಇರುತ್ತದೆ. ಅಲ್ಲಿ ಕ್ಲೋಸ್ಡ್ ಸೆಲ್ ಬೇಕು. ಫೀನಿಕ್ಸ್‌ನಲ್ಲಿ ಆ ಭಯ ಕಡಿಮೆ. ಇನ್ನೊಂದು ಕಾರಣವೂ ಇದೆ. ಹೆಂಚು ಸೋರಿದರೆ ಓಪನ್ ಸೆಲ್ ಮೂಲಕ ನೀರು ಕೆಳಗೆ ಇಳಿದು ಕಲೆ ಕಾಣಿಸುತ್ತದೆ, ಸೋರಿಕೆ ಬೇಗ ಗೊತ್ತಾಗುತ್ತದೆ. ಕ್ಲೋಸ್ಡ್ ಸೆಲ್ ಅದನ್ನು ಮುಚ್ಚಿಡುತ್ತದೆ. ಸೂರಿನ ಹತ್ತಿರ ಇಕ್ಕಟ್ಟಾದ ಕಡೆ ಮಾತ್ರ ಕ್ಲೋಸ್ಡ್ ಸೆಲ್ ಹಾಕಿಸಿ.

ಕ್ಲೋಸ್ಡ್ ಸೆಲ್ ಕೊಳ್ಳುವುದೇ ಆದರೆ ಅದನ್ನು ಉಬ್ಬಿಸಲು ಯಾವ ಅನಿಲ ಬಳಸಿದ್ದಾರೆ ಕೇಳಿ. ಹಳೆಯ ಎಚ್‌ಎಫ್‌ಸಿ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಸಾವಿರ ಪಟ್ಟು ಭೂಮಿಯನ್ನು ಬಿಸಿ ಮಾಡುವಂಥದ್ದು. ಈಗಿನ ಎಚ್‌ಎಫ್‌ಒ ಆ ಲೆಕ್ಕದಲ್ಲಿ ತುಂಬಾ ವಾಸಿ.

ದಪ್ಪ ಎಷ್ಟು ಬೇಕು ಎನ್ನುವುದನ್ನು ಮಾರುವವರ ಬಾಯಲ್ಲಿ ಕೇಳಬೇಡಿ, ನಗರದ ಪರ್ಮಿಟ್ ಕಚೇರಿಯಲ್ಲಿ ಕೇಳಿ. ಈ ಹವಾಮಾನ ವಲಯದ ಹೊಸ ಮನೆಗಳ ಸೀಲಿಂಗ್‌ಗೆ 2018ರ ಇಂಧನ ಸಂಹಿತೆ ಆರ್-38 ಕೇಳುತ್ತದೆ, 2021ರದ್ದು ಆರ್-49. ಇಡೀ ಮನೆಯ ಲೆಕ್ಕ ಹಾಕಿ ತೋರಿಸಿದರೆ ಫೋಮಿಗೆ ಕಡಿಮೆ ದಪ್ಪವನ್ನೂ ಒಪ್ಪುವ ದಾರಿ ಇದೆ. ಆದರೆ ಆ ಲೆಕ್ಕ ಕಾಗದದಲ್ಲಿ ಇರಬೇಕು.

ಕಾಂಟ್ರ್ಯಾಕ್ಟರ್ ಆರಿಸುವುದು

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಫೋಮ್ ಅಂಗಡಿಯಿಂದ ತಯಾರಾಗಿ ಬರುವ ವಸ್ತು ಅಲ್ಲ. ಎರಡು ಡ್ರಮ್‌ಗಳಲ್ಲಿ ಎರಡು ದ್ರವ ಬರುತ್ತವೆ. ಒಂದು ಐಸೋಸಯನೇಟ್, ಇನ್ನೊಂದು ಪಾಲಿಯಾಲ್ ಮಿಶ್ರಣ. ಎರಡನ್ನೂ ಬಿಸಿ ಮಾಡಿ, ಸಮಪಾಲಿನಲ್ಲಿ, ಗನ್ನಿನ ತುದಿಯಲ್ಲಿ ಬೆರೆಸುತ್ತಾರೆ. ಫೋಮ್ ತಯಾರಾಗುವುದು ನಿಮ್ಮ ಅಟ್ಟದಲ್ಲೇ. ಪಾಲು ತಪ್ಪಿದರೆ ಅಂಟು ಅಂಟಾಗಿಯೋ ಗಾಜಿನ ಹಾಗೆ ಪುಡಿಪುಡಿಯಾಗಿಯೋ ನಿಲ್ಲುತ್ತದೆ, ಕೊಳೆತ ಮೀನಿನ ವಾಸನೆ ತಿಂಗಳುಗಟ್ಟಲೆ ಹೋಗದೆ ಇರಬಹುದು. ಒಳ್ಳೆಯ ಸಾಮಾನು ಇದ್ದು ಅಡುಗೆಯವರು ಸರಿ ಇಲ್ಲದಿದ್ದರೆ ಊಟ ಕೆಡುತ್ತದೆ. ಇಲ್ಲಿ ಕೆಟ್ಟ ಊಟವನ್ನು ಚೆಲ್ಲುವುದೂ ಕಷ್ಟ. ಹಲಗೆಯಿಂದ ಕೆರೆದು ತೆಗೆಯಬೇಕು.

ಮೊದಲು ಬಂದ ಕಾಂಟ್ರ್ಯಾಕ್ಟರ್ ನಮಗೆ, "ಅದೇ ದಿನ ಸಂಜೆ ಬಂದು ಆರಾಮವಾಗಿ ಮಲಗಿಕೊಳ್ಳಿ" ಎಂದರು. ಅವರನ್ನು ಅಲ್ಲಿಗೇ ಬಿಟ್ಟೆವು. ಐಸೋಸಯನೇಟ್ ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಸ್ವಲ್ಪ ತಾಗಿದರೂ ತೊಂದರೆ. ಅದಕ್ಕೇ ಕೆಲಸದವರು ಹೊರಗಿಂದ ಗಾಳಿ ಬರುವ ಮುಖವಾಡ ಹಾಕಿಕೊಳ್ಳುತ್ತಾರೆ. ಕನಿಷ್ಠ 24 ಗಂಟೆ ಮನೆಯವರೆಲ್ಲ ಹೊರಗಿರಬೇಕು, ನಾಯಿ ಬೆಕ್ಕೂ ಸೇರಿ. ತಯಾರಕರು ಅದಕ್ಕಿಂತ ಜಾಸ್ತಿ ಹೇಳಿದ್ದರೆ ಅಷ್ಟು ಹೊತ್ತು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಡಾಕ್ಟರನ್ನು ಕೇಳಿ, ಇನ್ನೂ ಎರಡು ದಿನ ಸ್ನೇಹಿತರ ಮನೆಯಲ್ಲೇ ಇರಲಿ.

ಲೈಸೆನ್ಸನ್ನು ಅರಿಝೋನಾ ರಿಜಿಸ್ಟ್ರಾರ್ ಆಫ್ ಕಂಟ್ರ್ಯಾಕ್ಟರ್ಸ್ ಕಚೇರಿಯ ಜಾಲತಾಣದಲ್ಲಿ ನೋಡಬಹುದು, ದೂರುಗಳಿದ್ದರೂ ಅಲ್ಲಿ ಗೊತ್ತಾಗುತ್ತದೆ. ಬೆಲೆಯನ್ನು ಬೋರ್ಡ್ ಫುಟ್ ಲೆಕ್ಕದಲ್ಲಿ ಬರೆಸಿಕೊಳ್ಳಿ. ಒಂದು ಚದರಡಿ ಜಾಗ, ಒಂದು ಇಂಚು ದಪ್ಪ ಅಂದರೆ ಒಂದು ಬೋರ್ಡ್ ಫುಟ್. ಛಾವಣಿ ಹಲಗೆ 2,400 ಚದರಡಿ, ದಪ್ಪ 6 ಇಂಚು ಆದರೆ 14,400 ಬೋರ್ಡ್ ಫುಟ್. ಇಳಿಜಾರಿನಿಂದಾಗಿ ಛಾವಣಿಯ ಅಳತೆ ಮನೆಯ ನೆಲಕ್ಕಿಂತ ಹೆಚ್ಚಿರುತ್ತದೆ, ಇದನ್ನು ಮರೆಯಬೇಡಿ. ಫೆಡರಲ್ ತೆರಿಗೆಯಲ್ಲಿ ಶೇಕಡ 30ರ ರಿಯಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು 2025ರ ಡಿಸೆಂಬರ್ 31ಕ್ಕೆ ಮುಗಿದಿದೆ.

ಅಟ್ಟ ಸಿದ್ಧ ಮಾಡುವುದು

ಅಟ್ಟದ ನೆಲದ ಹಳೆಯ ಹೊದಿಕೆಯನ್ನು ದೊಡ್ಡ ವ್ಯಾಕ್ಯೂಮ್ ಹಾಕಿ ಎಳೆಸಿ. ಅದರ ಜೊತೆ ವರ್ಷಗಟ್ಟಲೆ ಕೂತ ಮರುಭೂಮಿ ದೂಳೂ, ಇಲಿ ಹಿಕ್ಕೆಯೂ ಹೋಗುತ್ತದೆ. ಮಾನ್ಸೂನ್ ಸಮಯದಲ್ಲಿ ಇಲ್ಲಿ ಹಬೂಬ್ ಎಂಬ ದೂಳಿನ ಗೋಡೆಯೇ ಎದ್ದು ಬರುತ್ತದೆ. ಅದು ನುಗ್ಗುತ್ತಿದ್ದದ್ದು ಇದೇ ಗಾಳಿಗಂಡಿಗಳಿಂದ. ಈಗ ಸೂರಿನ ಕೆಳಗಿನ ಗಂಡಿ, ಗೋಡೆಯ ಜಾಲರಿ, ಛಾವಣಿ ತುದಿಯ ಗಂಡಿ ಎಲ್ಲವನ್ನೂ ಹಲಗೆಯಿಂದ ಮುಚ್ಚಬೇಕು. ಒಂದು ಬಿಟ್ಟರೂ ಕೆಲಸ ಕೆಟ್ಟಂತೆ. ಬಚ್ಚಲುಮನೆಯ ಫ್ಯಾನ್ ಪೈಪು ಅಟ್ಟಕ್ಕೇ ತೆರೆದುಕೊಂಡಿದ್ದರೆ ಅದನ್ನು ಛಾವಣಿಯ ಹೊರಗೆ ಎಳೆಸಿ.

ಫೋಮ್ ಹೊಡೆಯುವ ದಿನ

ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಮಾಡಿಸಿ. ಬಹಳಷ್ಟು ಫೋಮ್‌ಗಳನ್ನು ಸುಮಾರು 49 ಡಿಗ್ರಿಗಿಂತ ಬಿಸಿಯಾದ ಹಲಗೆಗೆ ಹೊಡೆಯಬಾರದು. ಜುಲೈನಲ್ಲಿ ಬೆಳಿಗ್ಗೆ ಹತ್ತಕ್ಕೇ ಹಲಗೆ ಅದನ್ನು ದಾಟಿರುತ್ತದೆ. ನಮ್ಮ ಕೆಲಸ ಮಾರ್ಚಿನಲ್ಲಿ ಆಯಿತು. ಶುರು ಮಾಡುವ ಮುನ್ನ ಕೆಲಸದವರು ಹಲಗೆಯ ಬಿಸಿ, ಮರದ ತೇವ ಎರಡನ್ನೂ ಅಳೆದರು. ಆಮೇಲೆ ಒಂದು ರಟ್ಟಿನ ಮೇಲೆ ಸ್ವಲ್ಪ ಹೊಡೆದು ತೋರಿಸಿದರು. ಮೊದಲು ಬಣ್ಣ ಬಳಿದ ಹಾಗೆ ತೆಳ್ಳಗೆ ಒದ್ದೆ. ಎರಡು ಮೂರು ಸೆಕೆಂಡ್, ಒಲೆ ಮೇಲಿನ ಹಾಲು ಉಕ್ಕಿದ ಹಾಗೆ ಬುಸ್ಸೆಂದು ಎದ್ದಿತು. ಅಷ್ಟೇ ಬೇಗ ಗಟ್ಟಿಯಾಯಿತು. ಅದನ್ನು ಕತ್ತರಿಸಿ, ಒಳಗಿನ ಕಣ್ಣುಗಳು ಒಂದೇ ಸಮ ಇವೆ ಎಂದು ನೋಡಿದ ಮೇಲೇ ಅಟ್ಟ ಹತ್ತಿದರು. ಇದಿಷ್ಟೂ ಕಣ್ಣಾರೆ ನೋಡಿ, ನಾವು ಮನೆ ಬಿಟ್ಟೆವು.

ಕ್ಲೋಸ್ಡ್ ಸೆಲ್ ಇದ್ದ ಕಡೆ ಒಂದು ಸಲಕ್ಕೆ ಎರಡು ಇಂಚಿಗಿಂತ ದಪ್ಪ ಹೊಡೆಯಬಾರದು. ಬೆರೆಯುವಾಗ ದ್ರವ ತಾನಾಗಿಯೇ ಬಿಸಿಯಾಗುತ್ತದೆ. ಒಂದೇ ಸಲ ದಪ್ಪಗೆ ಹೊಡೆದರೆ ಕಾವು ಹೊರಗೆ ಹೋಗದೆ ಒಳಗೇ ಕರಕಲಾಗುತ್ತದೆ, ಬೆಂಕಿ ಹತ್ತಿದ್ದೂ ಇದೆ. ಒಂದು ಪದರ ಆರಿದ ಮೇಲೇ ಇನ್ನೊಂದು. "ಎರಡು ಗಂಟೆಯಲ್ಲಿ ಮುಗಿಸಿಬಿಡ್ತೀವಿ" ಎನ್ನುವವರ ಬಗ್ಗೆ ಎಚ್ಚರ.

ದುಡ್ಡು ಕೊಡುವ ಮುಂಚೆ

ಉದ್ದನೆಯ ಸೂಜಿ ಚುಚ್ಚಿ ಹತ್ತಾರು ಕಡೆ ದಪ್ಪ ಅಳೆಯಿರಿ. ಎಲ್ಲರೂ ನಡುವೆ ಸರಿಯಾಗಿ ಹೊಡೆಯುತ್ತಾರೆ, ತೆಳ್ಳಗಾಗುವುದು ಮೂಲೆಯಲ್ಲಿ, ಮರದ ತೊಲೆಗಳ ಮೈ ಮೇಲೆ. ತೊಲೆ ಬರಿ ಕಾಣುತ್ತಿದ್ದರೆ ಕಾವು ಅದರ ಮೂಲಕವೇ ಇಳಿಯುತ್ತದೆ. ಒಂದೆರಡು ಕಡೆ ಚಾಕುವಿನಿಂದ ತುಂಡು ತೆಗೆಸಿ. ಒಳಗೆ ಕಂದು ಬಣ್ಣ, ಟೊಳ್ಳು, ಅಂಟು ಏನೂ ಇರಬಾರದು. ಫೋಮ್ ಹಲಗೆಯಿಂದ ಬಿಟ್ಟುಕೊಂಡು ಸಂದಾಗಿದ್ದರೆ ಮತ್ತೆ ಹೊಡೆಸಿ. ಬ್ಲೋವರ್ ಡೋರ್ ಪರೀಕ್ಷೆಯನ್ನೂ ಮಾಡಿಸಿ. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಗಾಳಿ ಎಳೆದರೆ ಎಲ್ಲೆಲ್ಲಿ ಸೋರುತ್ತದೆ ಎಂದು ಕೈಗೇ ಗೊತ್ತಾಗುತ್ತದೆ. ನಮ್ಮಲ್ಲಿ ಗ್ಯಾರೇಜ್ ಮೇಲಿನ ಒಂದು ಮೂಲೆ ಸಿಕ್ಕಿತು. ಮರುದಿನವೇ ಬಂದು ಮುಚ್ಚಿದರು.

ಫೋಮ್ ಉರಿಯುವ ವಸ್ತು. ಜನ ಓಡಾಡುವ ಕೋಣೆಯಾದರೆ ಅದರ ಮೇಲೆ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಕಡ್ಡಾಯ. ರಿಪೇರಿಗೆ ಮಾತ್ರ ಹತ್ತುವ ಅಟ್ಟಕ್ಕೆ ಬೆಂಕಿ ತಡೆಯುವ ಬಣ್ಣದಂಥ ಲೇಪ ನಡೆಯುತ್ತದೆ, ಕೆಲವು ಫೋಮ್‌ಗಳು ಲೇಪವಿಲ್ಲದೆಯೂ ಪರೀಕ್ಷೆ ಪಾಸಾಗಿರುತ್ತವೆ. ಇನ್‌ಸ್ಪೆಕ್ಟರ್ ಸಹಿ ಆದ ಮೇಲೇ ಕೊನೆಯ ಕಂತು ಕೊಡಿ.

ಗಾಳಿ ಮತ್ತು ಎಸಿ

ಮನೆ ಇಷ್ಟು ಬಿಗಿಯಾದ ಮೇಲೆ ಒಗ್ಗರಣೆ ಹೊಗೆಗೂ ಹೊರಗೆ ಹೋಗಲು ದಾರಿ ಬೇಕು. ಅಡುಗೆಮನೆ ಚಿಮಣಿ ಹೊರಗೇ ಬಿಡುವಂಥದ್ದಿರಲಿ, ಹೊಸ ಗಾಳಿ ತರುವ ಫ್ಯಾನ್ ಒಂದನ್ನು ಹಾಕಿಸಿ. ಅಟ್ಟಕ್ಕೂ ಸ್ವಲ್ಪ ಎಸಿ ಗಾಳಿ ಬಿಡಿಸಬೇಕು. ಮುಂದೆ ಎಸಿ ಬದಲಿಸುವಾಗ ಹಳೆಯ ಟನ್ ಲೆಕ್ಕವನ್ನೇ ಹಿಡಿಯಬೇಡಿ. ಕಾವಿನ ಲೆಕ್ಕ ಹೊಸದಾಗಿ ಮಾಡಿಸಿದರೆ ಚಿಕ್ಕ ಯಂತ್ರವೇ ಸಾಕಾಗಬಹುದು.

ಊರಿನಿಂದ ಫೋನ್ ಮಾಡುವವರು, "ನಮ್ಮ ರಾಯಚೂರು, ಕಲಬುರಗಿ ಮನೆಗೂ ಹೊಡೆಸೋಣವಾ?" ಎಂದು ಕೇಳುತ್ತಾರೆ. ಆರ್‌ಸಿಸಿ ಛಾವಣಿಗೆ ಒಳಗಿನಿಂದ ಬೇಡ ಎನ್ನುತ್ತೇನೆ. ಅಲ್ಲಿ ಅಟ್ಟವಿಲ್ಲ, ಡಕ್ಟ್ ಇಲ್ಲ, ಫೋಮ್ ಮಲಗುವ ಕೋಣೆಯಲ್ಲೇ ತೆರೆದುಕೊಂಡಿರುತ್ತದೆ. ಬಿಸಿಲನ್ನು ಛಾವಣಿಯ ಮೇಲೆಯೇ ತಡೆಯುವುದು ಸರಿ, ಮೊದಲು ಬಿಳಿ ಲೇಪ ಬಳಿಸಿ ನೋಡಿ. ಹಳೆಯ ಮಾಳಿಗೆ ಮನೆಯ ದಪ್ಪ ಮಣ್ಣಿನ ಛಾವಣಿ ಇದ್ದರಂತೂ ಅದನ್ನು ಕೆಡವಬೇಡಿ. ಫೀನಿಕ್ಸ್‌ನ ಚಪ್ಪಟೆ ಛಾವಣಿಗಳಿಗೂ ಗಟ್ಟಿ ಫೋಮನ್ನು ಮೇಲಿಂದಲೇ ಹೊಡೆದು ಬಿಳಿ ಲೇಪ ಕೊಡುತ್ತಾರೆ. ಲೇಪ ಸವೆದರೆ ಬಿಸಿಲಿಗೆ ಫೋಮ್ ಹಳದಿಯಾಗಿ ಉದುರುತ್ತದೆ, ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಲೇಬೇಕು.

ಮುಂದಿನ ಜುಲೈನಲ್ಲಿ ಅದೇ ಥರ್ಮಾಮೀಟರ್ ಅಟ್ಟದಲ್ಲಿ 29 ತೋರಿಸಿತು. ಕೆಳಗೆ ಕೋಣೆಯಲ್ಲಿ 26. ಸೆಪ್ಟೆಂಬರ್ ಕೊನೆಗೆ ಮಾನ್ಸೂನ್ ಮುಗಿಯುತ್ತಲೇ ಟಾರ್ಚ್ ಹಿಡಿದು ಒಮ್ಮೆ ಮೇಲೆ ಹೋಗಿ ಬರುತ್ತೇನೆ. ಫೋಮ್ ಮೇಲೆ ನೀರಿನ ಕಲೆ ಇದೆಯಾ, ಗೋಡೆ ಸೇರುವ ಕಡೆ ಗೆದ್ದಲಿನ ಮಣ್ಣಿನ ಗೆರೆ ಇದೆಯಾ ಎಂದು ನೋಡಿ, ಬರುವಾಗ ಬೊಂಬೆ ಡಬ್ಬವನ್ನು ಕೆಳಗಿಳಿಸುತ್ತೇನೆ.