ಗೋಲಿ ಉರುಳಿಸಿ ಪರಮಾಣುವಿನ ಒಳಗನ್ನು ಅಳೆಯುವುದು ಹೇಗೆ?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಪರಮಾಣುವಿನ ಮಾದರಿ ಒಂದಾದರೂ ಇದ್ದೇ ಇರುತ್ತದೆ. ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಥರ್ಮೊಕೋಲ್ ಉಂಡೆ, ಸುತ್ತ ತಂತಿಯ ಬಳೆ, ಬಳೆಗೆ ಪೋಣಿಸಿದ ಬಣ್ಣದ ಮಣಿ. ಅಂಗಡಿಯಲ್ಲಿ ರೆಡಿಮೇಡ್ ಕೂಡ ಸಿಗುತ್ತದೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ನಡುವಿನ ಉಂಡೆ ಸಾಸಿವೆ ಕಾಳಿನಷ್ಟು ಇದ್ದರೆ, ಚಿನ್ನದ ಪರಮಾಣು ಸುಮಾರು 40 ಮೀಟರ್ ಅಗಲ ಇರಬೇಕಾಗುತ್ತದೆ. ಅದು ಮೇಜಿನ ಮೇಲೆ ಹಿಡಿಸುವ ಮಾತಲ್ಲ. ಆದರೆ ಕಣ್ಣಿಗೆ ಕಾಣದ ಆ ಕಾಳನ್ನು ಹೇಗೆ ಪತ್ತೆ ಹಚ್ಚಿದರು ಎಂಬುದನ್ನು ಒಂದು ಹಲಗೆ, ಒಂದಿಷ್ಟು ಗೋಲಿ ಇಟ್ಟುಕೊಂಡು ಒಂದು ಮಧ್ಯಾಹ್ನದಲ್ಲಿ ತೋರಿಸಬಹುದು.

ಮೊದಲು ಕಥೆ ಹೇಳಿ. 1897ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಜೆ.ಜೆ. ಥಾಮ್ಸನ್ ಋಣ ವಿದ್ಯುತ್ತಿನ ಪುಟ್ಟ ಕಣವಾದ ಎಲೆಕ್ಟ್ರಾನನ್ನು ಕಂಡುಹಿಡಿದರು. ಪರಮಾಣು ತುಂಬ ಧನ ವಿದ್ಯುತ್ ಹರಡಿಕೊಂಡಿದೆ, ಅದರೊಳಗೆ ಎಲೆಕ್ಟ್ರಾನ್‌ಗಳು ಸಿಕ್ಕಿಕೊಂಡಿವೆ ಎಂದು ಅವರು ಭಾವಿಸಿದ್ದರು. ಕಲ್ಲಂಗಡಿಯ ಬೀಜದ ಉದಾಹರಣೆ ಎಲ್ಲರೂ ಕೊಡುತ್ತಾರೆ. ನಾನು ಕೇಸರಿಬಾತಿನ ದ್ರಾಕ್ಷಿ ಎನ್ನುತ್ತೇನೆ, ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಜೊತೆ ಹಾನ್ಸ್ ಗೈಗರ್ ಮತ್ತು 20 ವರ್ಷದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್‌ಡನ್ ಲೋಹದ ಹಾಳೆಗೆ ಆಲ್ಫಾ ಕಣಗಳನ್ನು, ಅಂದರೆ ರೇಡಿಯಂನಂಥ ವಸ್ತುಗಳಿಂದ ತಾವಾಗಿ ಚಿಮ್ಮುವ ಧನ ವಿದ್ಯುತ್ತಿನ ಕಣಗಳನ್ನು, ಹಾಯಿಸಿದರು. ಆಲ್ಫಾ ಕಣ ಎಲೆಕ್ಟ್ರಾನ್‌ಗಿಂತ 7,000 ಪಟ್ಟಿಗೂ ಜಾಸ್ತಿ ಭಾರ. ಕೇಸರಿಬಾತನ್ನು ಅದು ಸಲೀಸಾಗಿ ತೂರಿಕೊಂಡು ಹೋಗಬೇಕಿತ್ತು. ಹೆಚ್ಚಿನವು ಹೋದವು ಕೂಡ. ಆದರೆ ಕೆಲವು ವಾಪಸ್ ಬಂದವು!

ಇನ್ನು ಸಾಮಾನು. ನಮ್ಮ ಆಟದಲ್ಲಿ ಗೋಲಿಯೇ ಆಲ್ಫಾ ಕಣ, ಹಲಗೆಯಡಿ ಅಡಗಿಸಿದ ಬಿಲ್ಲೆಯೇ ಪರಮಾಣುವಿನ ನಡುವಿನ ಕಾಳು. ಸಮತಟ್ಟಾದ ಪ್ಲೈವುಡ್ ಹಲಗೆ, 16 ಮಿ.ಮೀ. ಗಾಜಿನ ಗೋಲಿ, 2.5 ಸೆಂ.ಮೀ. ದಪ್ಪದ ಮರದ ಬಿಲ್ಲೆ. ಬಿಲ್ಲೆ ದುಂಡಗಿರಲಿ, ಏಳೆಂಟು ಸೆಂ.ಮೀ. ಅಗಲ ಸಾಕು. ಬಡಗಿಯ ಹತ್ತಿರ ಕೇಳಿದರೆ ಕೊಯ್ದು ಕೊಡುತ್ತಾರೆ. ಥರ್ಮೊಕೋಲ್ ಬಿಲ್ಲೆ ಮಾತ್ರ ಬೇಡ. ಗೋಲಿ ಬಡಿದರೆ ಸದ್ದೂ ಬರುವುದಿಲ್ಲ, ಪುಟಿಯುವುದೂ ಇಲ್ಲ. ಮಕ್ಕಳು ಬರುವ ಮೊದಲೇ ಬಿಲ್ಲೆಯನ್ನು ಹಲಗೆಯ ಕೆಳಗೆ ಡಬಲ್ ಟೇಪ್‌ನಿಂದ ಅಂಟಿಸಿ. ನಟ್ಟನಡುವೆ ಬೇಡ, ಒಂದು ಪಕ್ಕಕ್ಕಿರಲಿ. ನಾಲ್ಕು ಮೂಲೆಗೂ ಅಷ್ಟೇ ದಪ್ಪದ ಸಣ್ಣ ಮರದ ತುಂಡು ಕೊಡಿ. ಮೂಲೆಗಳ ನಡುವೆ 60 ಸೆಂ.ಮೀ.ಗಿಂತ ತುಸು ಜಾಸ್ತಿ ಜಾಗ ಬಿಡಿ. ನೆಲ ನುಣುಪಾಗಿರಲಿ. ಟೈಲ್ಸ್ ಸಂದಿಗೆ ಸಿಕ್ಕಿದ ಗೋಲಿ ದಿಕ್ಕು ಬದಲಿಸುತ್ತದೆ, ಆಮೇಲೆ ಲೆಕ್ಕವೆಲ್ಲ ಸುಳ್ಳು.

ಈಗ ಗೋಲಿ ಬಿಡುವುದು. ಕೈಯಿಂದ ಉರುಳಿಸಲೇಬೇಡಿ. ಬೆರಳು ತಾಗಿದರೆ ಗೋಲಿ ತಿರುಗಿಕೊಂಡೇ ಹೊರಡುತ್ತದೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ವೈರಿಂಗ್ ಕೇಸಿಂಗ್ ಪಟ್ಟಿಯ ಒಂದಡಿ ತುಂಡು ತನ್ನಿ. ಗೋಲಿ ಅಲುಗಾಡದೆ ಉರುಳುವಷ್ಟೇ ಅಗಲವಿರಲಿ. ಒಂದು ತುದಿಯನ್ನು ಎರಡು ಬೆಂಕಿಪೊಟ್ಟಣದ ಮೇಲೆ ಇಟ್ಟು, ಪ್ರತಿ ಸಲವೂ ಮೇಲಿನ ತುದಿಯಿಂದಲೇ ಗೋಲಿ ಬಿಡಿ. ಸುಮ್ನೆ ಬಿಡಬೇಕು, ತಳ್ಳಬಾರದು.

ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ, ಎಣಿಸುವುದರಲ್ಲಿ. ಹತ್ತು ಗೋಲಿ ಬಿಡುತ್ತಾರೆ. ಹನ್ನೊಂದನೆಯದು ‘ಟಕ್’ ಎನ್ನುತ್ತದೆ. ಅಷ್ಟೇ, ಎಲ್ಲರೂ ಆ ಜಾಗಕ್ಕೆ ಮುಗಿಬಿದ್ದು ಅಲ್ಲಿಗೇ ಉರುಳಿಸತೊಡಗುತ್ತಾರೆ. ಟಕ್ ಟಕ್ ಟಕ್. ಖುಷಿ ನಿಜ, ಆದರೆ ಎಣಿಕೆ ಕೆಟ್ಟಿತು. ಆಲ್ಫಾ ಕಣಕ್ಕೆ ಗುರಿ ಇಡಲು ಬರುವುದಿಲ್ಲ ಅಲ್ವಾ? ಅದು ಸಿಕ್ಕಲ್ಲಿ ನುಗ್ಗುತ್ತದೆ. ಅದಕ್ಕೇ ಹಲಗೆಯ ಅಂಚಿನಲ್ಲಿ ಸೆಂ.ಮೀ.ಗೊಂದರಂತೆ 1ರಿಂದ 60ರವರೆಗೆ ಗುರುತು ಹಾಕಿ. 60 ಚೀಟಿ ಬರೆದು ಡಬ್ಬಕ್ಕೆ ಹಾಕಿ. ಚೀಟಿ ಎತ್ತಿ, ಬಂದ ಅಂಕಿಯ ಎದುರು ಪಟ್ಟಿ ಇಟ್ಟು, ಗೋಲಿ ಬಿಟ್ಟು, ಚೀಟಿಯನ್ನು ವಾಪಸ್ ಹಾಕಿ ಡಬ್ಬ ಕುಲುಕಿ. ಒಬ್ಬರು ಬರೆದುಕೊಳ್ಳಲಿ. ಸದ್ದಾದರೆ ಗೀಟು, ಇಲ್ಲದಿದ್ದರೆ ಸೊನ್ನೆ. ಅಂಚು ಸವರಿ ಹೋಗಿದ್ದೂ ತಾಗಿದ ಲೆಕ್ಕವೇ.

ಹೀಗೆ 120 ಸಲ. ಇಪ್ಪತ್ತಕ್ಕೇ ನಿಲ್ಲಿಸಿ ಸರಾಸರಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಗೈಗರ್ ಮತ್ತು ಮಾರ್ಸ್‌ಡನ್ ಕತ್ತಲೆ ಕೋಣೆಯಲ್ಲಿ ಕೂತು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದು, ಆಲ್ಫಾ ಕಣ ಬಡಿದಾಗ ಜಿಂಕ್ ಸಲ್ಫೈಡ್ ಪರದೆಯಲ್ಲಿ ಏಳುವ ಮಿನುಗುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. 1913ರ ಹೊತ್ತಿಗೆ ಅಂಥ ಮಿನುಗು ಒಂದು ಲಕ್ಷ ದಾಟಿತ್ತು. ಇದನ್ನು ಹೇಳಿದ ಮೇಲೆ 120 ಗೋಲಿಗೆ ಯಾವ ಮಗುವೂ ಗೊಣಗುವುದಿಲ್ಲ.

120ರಲ್ಲಿ 18 ಸಲ ಟಕ್ ಎಂದಿತು ಅನ್ನಿ. 18ನ್ನು 120ರಿಂದ ಭಾಗಿಸಿ 60ರಿಂದ ಗುಣಿಸಿದರೆ 9 ಸೆಂ.ಮೀ. ಅದರಲ್ಲಿ ಗೋಲಿಯ ಅಗಲ 1.6 ಕಳೆಯಿರಿ. ಬಿಲ್ಲೆ 7.4 ಸೆಂ.ಮೀ. ಕಳೆಯುವುದನ್ನು ಮರೆಯುವವರೇ ಜಾಸ್ತಿ. ಗೋಲಿಯ ನಡು ತಪ್ಪಿಸಿಕೊಂಡರೂ ಪಕ್ಕ ತಾಗುತ್ತದೆ, ಆದ್ದರಿಂದ ಕಳೆಯಲೇಬೇಕು. ರುದರ್‌ಫೋರ್ಡ್ ಲೆಕ್ಕ ಇದಕ್ಕಿಂತ ಕಷ್ಟದ್ದು, ಆದರೆ ಅದೂ ಎಣಿಕೆಯಿಂದ ಹುಟ್ಟಿದ್ದೇ. 0.00004 ಸೆಂ.ಮೀ. ದಪ್ಪದ ಚಿನ್ನದ ಹಾಳೆಯಲ್ಲಿ ಸುಮಾರು 20,000ಕ್ಕೆ ಒಂದು ಕಣ 90 ಡಿಗ್ರಿಯಷ್ಟು ತಿರುಗುತ್ತಿತ್ತು. ಪರಮಾಣುವಿನ ಹೆಚ್ಚುಕಡಿಮೆ ಎಲ್ಲ ತೂಕವೂ ಪುಟ್ಟ ಜಾಗದಲ್ಲಿ ಕೂಡಿಕೊಂಡಿದ್ದರೆ ಮಾತ್ರ ಅದು ಸಾಧ್ಯ ಎಂದು 1911ರಲ್ಲಿ ಅವರು ತೋರಿಸಿಕೊಟ್ಟರು. ಅದೇ ನ್ಯೂಕ್ಲಿಯಸ್.

ಬಿಲ್ಲೆ ಎಲ್ಲಿದೆ ಎಂದೂ ಹುಡುಕಬಹುದು. ಹಲಗೆಯ ಮೇಲೆ ಚಾರ್ಟ್ ಪೇಪರ್ ಅಂಟಿಸಿ, ಸುತ್ತ ನೆಲಕ್ಕೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ರಂಗೋಲಿ ಪುಡಿ ತರಿತರಿ, ಗೋಲಿಯನ್ನು ತಡೆಯುತ್ತದೆ. ಗೋಲಿ ಒಳಹೋದ ಜಾಡು, ಹೊರಬಂದ ಜಾಡು ಎರಡನ್ನೂ ಸ್ಕೇಲ್ ಇಟ್ಟು ಚಾರ್ಟ್ ಮೇಲೆ ಮುಂದುವರಿಸಿದರೆ ಗೆರೆಗಳು ಒಂದು ಕಡೆ ಕೂಡುತ್ತವೆ. ನಾಲ್ಕೂ ದಿಕ್ಕಿನಿಂದ ಮಾಡಿದರೆ ದುಂಡನೆಯ ಆಕಾರ ಮೂಡುತ್ತದೆ.

ಒಂದು ವ್ಯತ್ಯಾಸ ಹೇಳಲೇಬೇಕು. ಗೋಲಿ ಬಿಲ್ಲೆಗೆ ಬಡಿದು ತಿರುಗುತ್ತದೆ. ಆಲ್ಫಾ ಕಣ ಬಡಿಯುವುದಿಲ್ಲ. ಅದೂ ಧನ, ನ್ಯೂಕ್ಲಿಯಸ್ಸೂ ಧನ, ಹತ್ತಿರ ಬಂದಷ್ಟೂ ತಳ್ಳಾಟ ಜೋರು. ಇನ್ನು ಮಾತಿನಲ್ಲಿ ಪರಮಾಣು ಎಂದೇ ಹೇಳಿ, ಅಣು ಎನ್ನಬೇಡಿ. ಪಠ್ಯದಲ್ಲಿ ಎರಡೂ ಬೇರೆ ಬೇರೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಮಕ್ಕಳು ಹಲಗೆ ಎತ್ತಿ ತೋರಿಸಿ ಎಂದು ಹಠ ಹಿಡಿಯುತ್ತಾರೆ. ಎತ್ತಬೇಡಿ. ಮ್ಯಾಂಚೆಸ್ಟರ್‌ನಲ್ಲಿ ಎತ್ತಿ ನೋಡಲು ಹಲಗೆಯೇ ಇರಲಿಲ್ಲ. ನ್ಯೂಕ್ಲಿಯಸ್‌ನೊಳಗೆ ವಿದ್ಯುತ್ತಿಲ್ಲದ ಕಣ ನ್ಯೂಟ್ರಾನ್ ಇದೆ ಎಂದು ವಿಜ್ಞಾನಿ ಜೇಮ್ಸ್ ಚಾಡ್ವಿಕ್ ಕಂಡುಕೊಂಡದ್ದು 1932ರಲ್ಲಿ, ಅದೂ ಹೀಗೆ ಹೊರಗಿನಿಂದಲೇ. ಚಾರ್ಟನ್ನು ಅವರ ಕೈಗೆ ಕೊಟ್ಟು ಕಳಿಸಿ. ಬಿಲ್ಲೆಯನ್ನು ಅವರು ಹೋದ ಮೇಲೆ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ.