ಯಕ್ಷಗಾನದ ಫೋಟೊಗಳ ಮೇಲೆ ಬಣ್ಣದ ಕನ್ನಡ ಅಕ್ಷರ: ನನ್ನ ಅನುಭವ

ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಊರಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಹಾಗೆ ಮಾಟುಂಗಾದಲ್ಲಿ ನಡೆದ ಒಂದು ಆಟದ ಫೋಟೊ ನಾನೇ ತೆಗೆದೆ. ಆರಿಸಿ ಉಳಿಸಿಕೊಂಡದ್ದು 212. ಡೊಂಬಿವಲಿಯ ಮನೆಯಲ್ಲಿ ಅವನ್ನು ನೋಡಿದ ದೊಡ್ಡಪ್ಪ ಕೇಳಿದರು, "ಹೆಸರಿಲ್ಲದಿದ್ರೆ ಹತ್ತು ವರ್ಷ ಕಳೆದ ಮೇಲೆ ಇದು ಯಾರ ವೇಷ ಅಂತ ಗೊತ್ತಾಗ್ತದಾ ಮಗಾ?"

ಮಾತು ಸರಿ ಅನ್ನಿಸಿತು. ವೇಷದ ಹೆಸರು, ಕಲಾವಿದರ ಹೆಸರು ಎರಡನ್ನೂ ಎಕ್ಸೆಲ್ ಹಾಳೆಯಲ್ಲಿ ತುಂಬಿಸಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಎಲ್ಲ ಫೋಟೊಗಳ ಮೇಲೂ ಬರೆಸೋಣ ಅಂತ ಕೂತೆ.

ಮೊದಲು ಹಿಡಿದದ್ದು ಓಪನ್‌ಸಿವಿ ಎಂಬ ಚಿತ್ರಗಳ ಲೈಬ್ರರಿ. ಅಕ್ಷರ ಬರೆಯುವ ಅದರ ಪುಟ್‌ಟೆಕ್ಸ್ಟ್‌ಗೆ 'ಕರ್ಣ' ಅಂತ ಕೊಟ್ಟರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಅದರಲ್ಲಿರುವುದು ಗೆರೆಗಳಿಂದ ಕಟ್ಟಿದ ಹರ್ಷೀ ಅಕ್ಷರಗಳು. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಬಣ್ಣದ ಕ್ರಮವೂ ಅಲ್ಲಿ ನೀಲಿ, ಹಸಿರು, ಕೆಂಪು. 255, 0, 0 ಕೊಟ್ಟರೆ ನೀಲಿ ಬರುತ್ತದೆ.

ಆಮೇಲೆ ಪಿಲ್ಲೋ ಎಂಬ ಇನ್ನೊಂದು ಚಿತ್ರ ಲೈಬ್ರರಿಗೆ ಬಂದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟೆ. ಅಕ್ಷರಗಳು ಮೂಡಿದವು, ಆದರೆ ಅರ್ಕಾವತ್ತು ಕೂರಲಿಲ್ಲ. 'ಕರ್ಣ'ದಲ್ಲಿ ರ ಬೇರೆ, ಣ ಬೇರೆ. 'ಕೃಷ್ಣ'ನ ಒತ್ತೂ ಕೆಳಗಿಳಿಯಲಿಲ್ಲ. ಇದು ಫಾಂಟಿನ ತಪ್ಪಲ್ಲ. ಒತ್ತುಗಳನ್ನು ಜೋಡಿಸುವ ಕೆಲಸ ಹಾರ್ಫ್‌ಬಝ್ ಎಂಬ ತಂತ್ರಾಂಶದ್ದು. ಪಿಲ್ಲೋ ಅದನ್ನು ರಾಕ್ಮ್ ಎಂಬ ಲೈಬ್ರರಿಯ ಮೂಲಕ ಬಳಸುತ್ತದೆ. ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್‌ನಿಂದ ಹಾಕಿದರೆ ಪಿಲ್ಲೋ 8.2ರಿಂದೀಚೆಗೆ ರಾಕ್ಮ್ ಜೊತೆಗೇ ಬರುತ್ತದೆ. ಆದರೆ ಅದಕ್ಕೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯನ್ನು ಕಂಪ್ಯೂಟರಿಗೆ ನಾವೇ ಹಾಕಬೇಕು. ಹಾಕಿದೆ. ಅರ್ಕಾವತ್ತು ತನ್ನ ಜಾಗದಲ್ಲಿ ಬಂದು ಕೂತಿತು. ಆ ಕ್ಷಣದ ಖುಷಿ ದೊಡ್ಡದು. ಕನ್ನಡ ಬರೆಸುವವರು ಬಣ್ಣದ ಯೋಚನೆಗೆ ಮೊದಲು ಇದನ್ನು ನೋಡಿಕೊಳ್ಳಿ. ಪಿಲ್ಲೋದ ಫೀಚರ್ಸ್‌ನಲ್ಲಿ ರಾಕ್ಮ್ ಇದೆಯಾ ಅಂತ ಒಂದೇ ಸಾಲಿನಲ್ಲಿ ಕೇಳಬಹುದು.

ಇನ್ನು ಬಣ್ಣ. ಎಲ್ಲದಕ್ಕೂ ಹಳದಿ ಅಂತ ಶುರು ಮಾಡಿದೆ. ಯಕ್ಷಗಾನದಲ್ಲಿ ಇದು ನಡೆಯುವುದಿಲ್ಲ. ಚಿನ್ನದ ಬಣ್ಣದ ಆಭರಣ, ಕೆಂಪು, ಹಸಿರು, ಹಿಂದೆ ಕಪ್ಪು ಪರದೆ, ಎಲ್ಲ ಒಂದೇ ಫೋಟೊದಲ್ಲಿ. ಅರ್ಧ ಹೆಸರು ಆಭರಣದಲ್ಲೇ ಮುಳುಗಿಹೋಯಿತು. ಆಮೇಲೆ ಅಕ್ಷರ ಬೀಳುವ ಪಟ್ಟಿಯಷ್ಟನ್ನೇ ಕತ್ತರಿಸಿ, ಕಪ್ಪುಬಿಳುಪು ಮಾಡಿ, ಬೆಳಕಿನ ಸರಾಸರಿ ತೆಗೆದೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ. 150ಕ್ಕಿಂತ ಕಮ್ಮಿ ಇದ್ದರೆ ಹಳದಿ ಅಕ್ಷರಕ್ಕೆ ಕಪ್ಪು ಅಂಚು, ಜಾಸ್ತಿ ಇದ್ದರೆ ಕಡುಗೆಂಪು ಅಕ್ಷರಕ್ಕೆ ಬಿಳಿ ಅಂಚು. ಈ 150 ನನ್ನ ಕಣ್ಣಿಗೆ ಹೊಂದಿದ ಲೆಕ್ಕ. ಪಟ್ಟಿಯಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು ಇದ್ದಾಗ ಸರಾಸರಿ ಮೋಸ ಮಾಡುತ್ತದೆ. ಆಗ ಕೈಹಿಡಿದದ್ದು ಅಂಚೇ.

ಅಂಚು ದಪ್ಪವಾಗಬಾರದು. ಮೊದಲು 6 ಪಿಕ್ಸೆಲ್ ಕೊಟ್ಟಿದ್ದೆ. ಣ, ಷ ಒಳಗಿನ ಸಂದೆಲ್ಲ ಕಪ್ಪಾಗಿ ಮುಚ್ಚಿಹೋಯಿತು, ಒತ್ತುಗಳು ಬರೀ ಚುಕ್ಕೆಯಂತೆ ಕಂಡವು. ಅಕ್ಷರದ ಗಾತ್ರವನ್ನು 20ರಿಂದ ಭಾಗಿಸಿದಷ್ಟು ಅಂಚು ಸಾಕು. ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ತಳದ ಜಾಗವನ್ನು ಅಂದಾಜಿನಲ್ಲಿ ಬಿಡಬೇಡಿ. ಬರಹ ಎಷ್ಟು ಜಾಗ ಹಿಡಿಯುತ್ತದೆ ಅಂತ ಹೇಳುವ ಪಿಲ್ಲೋದ ಟೆಕ್ಸ್ಟ್‌ಬಿಬಾಕ್ಸ್‌ನಿಂದ ಅಳೆದು ಬಿಡಿ. ಮೊದಲು ಇದಕ್ಕೇ ಇದ್ದ ಟೆಕ್ಸ್ಟ್‌ಸೈಜ್ ಅನ್ನು ಪಿಲ್ಲೋ 10ರಲ್ಲಿ ತೆಗೆದಿದ್ದಾರೆ.

ಕಡುಗೆಂಪು ಅಕ್ಷರದ ಬದಿ ಮಸುಕಾಗುತ್ತಿತ್ತು. ಫೋಟೊ ಉಳಿಸುವ ಜೆಪೆಗ್ ರೂಪ ಬೆಳಕಿನ ವಿವರವನ್ನು ಹೆಚ್ಚು ಉಳಿಸಿ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಕಮ್ಮಿ ಮಾಡುತ್ತದೆ, ಅದಕ್ಕೇ ಹೀಗೆ. ಕ್ವಾಲಿಟಿ 95, ಬಣ್ಣದ ವಿವರ ಕಮ್ಮಿಯಾಗದಂತೆ ಸಬ್‌ಸ್ಯಾಂಪ್ಲಿಂಗ್ 0 ಕೊಟ್ಟು ಉಳಿಸಿದೆ. ಫೈಲ್ ದೊಡ್ಡದಾಯಿತು, ಅಕ್ಷರ ಚೊಕ್ಕವಾಯಿತು. ಮೊಬೈಲಿನಲ್ಲಿ ಉದ್ದಕ್ಕೆ ತೆಗೆದ ಫೋಟೊ ಅಡ್ಡ ಮಲಗಿದರೆ, ಬರೆಯುವ ಮೊದಲೇ ಪಿಲ್ಲೋದ ಎಕ್ಸಿಫ್ ಟ್ರಾನ್ಸ್‌ಪೋಸ್‌ನಿಂದ ಅದನ್ನು ನೇರ ಮಾಡಿ.

ಭಾನುವಾರ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. ಓದುವುದಕ್ಕೆ ಎಲ್ಲೂ ಕಷ್ಟ ಆಗಲಿಲ್ಲ. ಕೊನೆಗೆ ಒಂದು ಫೋಟೊ ಮೇಲೆ ಬೆರಳಿಟ್ಟು, "ಹಿಂದೆ ಕೂತ ಚೆಂಡೆಯವರ, ಭಾಗವತರ ಹೆಸರು ಎಲ್ಲಿ?" ಅಂದರು. ಹಾಳೆಯಲ್ಲಿ ಹಿಮ್ಮೇಳಕ್ಕೆ ಕಾಲಮ್ಮೇ ಇರಲಿಲ್ಲ. ಈಗ ಸೇರಿಸಿದ್ದೇನೆ. ಹೆಸರುಗಳನ್ನು ಅವರೇ ಹೇಳಿ ಬರೆಸುತ್ತಿದ್ದಾರೆ.